ಪುಟ್ಟ ಹುಡುಗಿಯರ ದಿನನಿತ್ಯದ ಜಡೆ: ಬಿಗಿ ಎಷ್ಟಿರಬೇಕು?

ಯಾವ ಜಡೆ ಚೆಂದ ಅನ್ನುವುದಕ್ಕಿಂತ ಮೊದಲು ಕೂದಲು ಎಲ್ಲಿಯವರೆಗೆ ಬರುತ್ತದೆ ನೋಡಿ. ಕಿವಿಯವರೆಗೆ ಮಾತ್ರ ಇದ್ದರೆ ಜಡೆ ನಿಲ್ಲುವುದಿಲ್ಲ. ಪಕ್ಕಕ್ಕೆ ಬೈತಲೆ ತೆಗೆದು ಒಂದು ಕ್ಲಿಪ್ ಹಾಕಿದರೆ ಸಾಕು. ಭುಜ ಮುಟ್ಟುವಷ್ಟಿದ್ದರೆ ಎರಡು ಜುಟ್ಟು. ಅದನ್ನೂ ದಾಟಿದ್ದರೆ ನನ್ನ ಮತ ಎರಡು ಜಡೆಗೇ: ಭಾರ ಎರಡೂ ಕಡೆ ಹಂಚಿಹೋಗುತ್ತದೆ, ಸಿಕ್ಕೂ ಕಡಿಮೆ.

ಸಿಕ್ಕು ಬಿಡಿಸುವುದು ತುದಿಯಿಂದ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ಕೊನೆಯ ಎರಡು ಮೂರು ಇಂಚು ಬಾಚಿ, ಆಮೇಲೆ ಮೇಲಕ್ಕೆ ಹೋಗಿ. ಇನ್ನೊಂದು ಕೈಯಲ್ಲಿ ಸಿಕ್ಕಿನ ಮೇಲ್ಭಾಗವನ್ನು ಹಿಡಿದುಕೊಂಡರೆ ಬುಡ ಎಳೆಯುವುದಿಲ್ಲ. ಅರ್ಧ ಅಳು ಅಲ್ಲೇ ನಿಲ್ಲುತ್ತದೆ!

ಜಡೆ ಮಧ್ಯಾಹ್ನಕ್ಕೇ ಬಿಚ್ಚಿಕೊಂಡರೆ ಎಲ್ಲರೂ ಮರುದಿನ ಇನ್ನಷ್ಟು ಬಿಗಿ ಮಾಡುತ್ತಾರೆ. ಎಷ್ಟೋ ಸಲ ತಪ್ಪು ಬಿಗಿಯದ್ದಲ್ಲ, ಮೂರು ಎಳೆಗಳು ಸಮ ಇರುವುದಿಲ್ಲ. ಬುಡದ ಮೊದಲ ಎರಡು ಹೆಣಿಗೆ ಸಡಿಲವಿರಲಿ, ಬಿಗಿ ಅದರ ಕೆಳಗೆ. ಒದ್ದೆ ಕೂದಲನ್ನು ಬಿಗಿದು ಹೆಣೆಯಬೇಡಿ; ನೆಂದ ಕೂದಲು ಹಿಗ್ಗಿ ಬೇಗ ತುಂಡಾಗುತ್ತದೆ.

ಹುಬ್ಬು ಮೇಲಕ್ಕೆ ಎಳೆದಂತಿದ್ದರೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಕಂಡರೆ ಬಿಗಿ ಜಾಸ್ತಿಯಾಗಿದೆ ಎಂದೇ ಅರ್ಥ. ದಿನವೂ ಹೀಗೆ ಎಳೆದರೆ ಅಲ್ಲಿ ಕೂದಲು ತೆಳುವಾಗುತ್ತದೆ. ವರ್ಷಗಟ್ಟಲೆ ನಡೆದರೆ ಮತ್ತೆ ಹುಟ್ಟದೆಯೂ ಇರಬಹುದು. ಬೈತಲೆಯನ್ನೂ ಕಟ್ಟುವ ಜಾಗವನ್ನೂ ಆಗಾಗ ಬದಲಿಸಿ. ಬರಿಯ ರಬ್ಬರ್ ಕೂದಲನ್ನು ಕಿತ್ತುಕೊಂಡೇ ಬರುತ್ತದೆ, ಬಟ್ಟೆ ಸುತ್ತಿದ ಬ್ಯಾಂಡ್ ಬಳಸಿ. ಮೂರು ವರ್ಷದೊಳಗಿನವರಿಗೆ ಮಣಿ, ಪುಟಾಣಿ ಕ್ಲಿಪ್ ಬೇಡವೇ ಬೇಡ. ಅವು ನೇರ ಬಾಯಿಗೆ ಹೋಗುತ್ತವೆ.