ಚುಕ್ಕಿಯ ಬಾಲ

ಮಗಳು ಸಾಕಿರುವ ಲೆಪರ್ಡ್ ಗೆಕ್ಕೊ ಅನ್ನುವ ಜಾತಿಯ ಹಲ್ಲಿ, ನಮ್ಮ ಚುಕ್ಕಿ, ಬಾಲ ಕಳಚಿಕೊಂಡು ಇವತ್ತಿಗೆ 12 ದಿನ. ಗಾಜಿನ ಪೆಟ್ಟಿಗೆಯ ಮುಚ್ಚಳ ಹಾಕುವಾಗ ನಾನು ನೋಡಲಿಲ್ಲ, ತುದಿ ಸಿಕ್ಕಿಹಾಕಿಕೊಂಡಿತು. ಬಿದ್ದ ಬಾಲ ಒಂದಷ್ಟು ಹೊತ್ತು ಒದ್ದಾಡುತ್ತಲೇ ಇತ್ತು.

ಈಗ ಮರಳು ಪೂರ್ತಿ ತೆಗೆದು ಟಿಶ್ಯೂ ಹಾಸಿದ್ದೇವೆ, ಗಾಯಕ್ಕೆ ಕಸ ಅಂಟಬಾರದು ಅಂತ ದಿನಾ ಬದಲಾಯಿಸುತ್ತೇವೆ. ಡಲ್ಲಾಸ್‌ನ ಈ ಚಳಿಯಲ್ಲಿ ಪೆಟ್ಟಿಗೆಯ ಒಂದು ಬದಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಬೇಕು. ಗಾಯವನ್ನು ಮುಟ್ಟುವುದೇ ಇಲ್ಲ. ಈ ಜಾತಿ ಕೊಬ್ಬು ಕೂಡಿಡುವುದೇ ಬಾಲದಲ್ಲಿ, ಅಂದರೆ ಹಸಿವಿನ ದಿನಕ್ಕೆ ಅಂತ ಇಟ್ಟುಕೊಂಡ ಗಂಟನ್ನೇ ಬಿಟ್ಟುಕೊಟ್ಟು ಜೀವ ಉಳಿಸಿಕೊಂಡಿದೆ ಪಾಪ, ಅದಕ್ಕೇ ಕ್ಯಾಲ್ಸಿಯಂ ಪುಡಿ ಹಚ್ಚಿದ ಹುಳ ಸ್ವಲ್ಪ ಜಾಸ್ತಿ ಕೊಡುತ್ತಿದ್ದೇವೆ. ಏನನ್ನು ಬಿಡಬೇಕು ಅಂತ ಅದಕ್ಕೆ ಕ್ಷಣದಲ್ಲಿ ಗೊತ್ತಾಯಿತು, ನನಗಾದರೆ ಎಷ್ಟೋ ವಿಷಯದಲ್ಲಿ ವರ್ಷಗಳೇ ಬೇಕಾದವು.

ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ 'ಕೃಷ್ಣ ಕೃಷ್ಣ' ಅನ್ನುವ ಅಮ್ಮ, ಈಗ ಊರಿನಿಂದ ದಿನಾ ಫೋನ್ ಮಾಡಿ "ಚುಕ್ಕಿ ಊಟ ಮಾಡ್ತಾ?" ಅಂತ ಕೇಳುತ್ತಾರೆ.

ಹೊಸ ಬಾಲ ಬರುತ್ತೆ, ಆದರೆ ಮೊದಲಿನ ಥರ ಅಲ್ಲ. ಗುಂಡಗೆ, ನುಣ್ಣಗೆ, ಒಳಗೆ ನಮ್ಮ ಕಿವಿಯಲ್ಲಿರುವಂಥ ಮೆದು ಎಲುಬು. ಮಗಳಿಗೆ ಹಳೇ ಬಾಲವೇ ಬೇಕಂತೆ. ಇವತ್ತು ಬೆಳಿಗ್ಗೆ ಗಾಯ ಒಣಗಿದ ಜಾಗದಲ್ಲಿ ಸಣ್ಣದೊಂದು ಮೊಗ್ಗಿನಂಥದ್ದು ಕಾಣಿಸಿತು, ಅವಳನ್ನು ಎಬ್ಬಿಸಿ ತೋರಿಸಿದೆ.