ಹೋಂಸ್ಟೇ ಮಾಡಬಹುದಲ್ಲ?

ಇಲ್ಲ. ಮಾಡುವುದಿಲ್ಲ.

ಬಂಟ್ವಾಳ ತಾಲೂಕಿನ ನಮ್ಮ ಮನೆಯ ಜಗಲಿಯಲ್ಲಿ ಕೂತು, ಪುನರ್ಪುಳಿ ಶರಬತ್ತಿನ ಎರಡನೇ ಲೋಟ ಮುಗಿಯುವ ಹೊತ್ತಿಗೆ ಎಲ್ಲರೂ ಇದನ್ನು ಕೇಳುತ್ತಾರೆ. (ಮೊದಲ ಲೋಟದ ಕೆಂಪು ಬಣ್ಣ ನೋಡಿ ಒಬ್ಬೊಬ್ಬರು ಕಣ್ಣು ಮಿಟುಕಿಸುತ್ತಾರೆ. ಕ್ಯಾಥೊಲಿಕರ ಮನೆ ಅಂದಮೇಲೆ ವೈನೇ ಇರಬೇಕಲ್ಲ!) ಹತ್ತು ವರ್ಷ "ನೋಡುವಾ" ಎಂದು ನಗುತ್ತ ಜಾರಿಕೊಂಡೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಕೇಳುವ ಧಾಟಿಯೇ ನನಗೆ ಆಗುವುದಿಲ್ಲ. "ಇಷ್ಟು ಜಾಗ ಸುಮ್ಮನೆ ಬಿದ್ದಿದೆ." ಯಾವುದು ಸ್ವಾಮಿ ಸುಮ್ಮನೆ ಬಿದ್ದಿರುವುದು? ಪೊರ್ಬುಗಳಿಗೆ (ತುಳುವಿನಲ್ಲಿ ನಮ್ಮಂಥ ಕ್ಯಾಥೊಲಿಕರಿಗೆ ಹೀಗನ್ನುತ್ತಾರೆ) ದೊಡ್ಡ ಎಸ್ಟೇಟ್ ಇರುತ್ತದೆ ಎಂದು ಕೆಲವರ ಲೆಕ್ಕ. ನಮಗಿರುವುದು ಒಂದೂವರೆ ಎಕರೆ ಅಡಿಕೆ, ನಾಲ್ಕು ಹಲಸಿನ ಮರ, ಗುಡ್ಡೆಯಲ್ಲಿ ಒಂದಿಷ್ಟು ಗೇರು. ಅದೂ ಅಜ್ಜ ಗೇಣಿಗೆ ಮಾಡುತ್ತಿದ್ದ ಭೂಮಿ. 1974ರಲ್ಲಿ ಭೂಸುಧಾರಣೆ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು, ಅಲೆದು ಅಲೆದು ನಮ್ಮ ಹೆಸರಿಗೆ ಆದದ್ದು.

ಮತ್ತೆ, ಹೋಂಸ್ಟೇ ನಮ್ಮಲ್ಲಿ ಆಗಲೇ ಉಂಟು. ಬಿಲ್ ಕೊಡುವುದಿಲ್ಲ, ಅಷ್ಟೇ. ಈಸ್ಟರ್‌ಗೆ ಮೊದಲಿನ 40 ದಿನ ತಪಸ್ಸು ಕಾಲ, ಮದುವೆ ಇಡುವುದಿಲ್ಲ. ಹಾಗಾಗಿ ಮದುವೆ, ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್, ಮಕ್ಕಳ ಮೊದಲ ಪರಮಪ್ರಸಾದ ಎಲ್ಲ ಈಸ್ಟರ್ ಕಳೆದದ್ದೇ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಮುಂಬಯಿಯವರಿಗೆ ಆಗಲೇ ಶಾಲೆಗೆ ರಜೆ. ಗಲ್ಫಿನವರ ರಜೆ ಜುಲೈಯಲ್ಲಿ, ದೇವರು ದೊಡ್ಡವನು. ಮೇ ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ಹದಿನಾಲ್ಕು ಚಾಪೆ ಹಾಸಿದ್ದೂ ಉಂಟು. ಬೆಳಿಗ್ಗೆ ಗಂಜಿಗೆ ಕೂತರೆ ಉಪ್ಪಿನಕಾಯಿ ಭರಣಿ ಒಂದು ಪಂಕ್ತಿ ಮುಗಿಸಿ ವಾಪಸ್ ಬರುವುದಿಲ್ಲ.

ಎರಡು ವರ್ಷದ ಹಿಂದೆ ಗಂಡನ ಸ್ನೇಹಿತರೊಬ್ಬರು ಬೆಂಗಳೂರಿನಿಂದ ಸಂಸಾರ ಸಮೇತ ಬಂದಿದ್ದರು. ಒಳ್ಳೆಯ ಜನ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಜೆ ಏಳೂವರೆಗೆ ನಾವು ತೇರ್ಸ್‌ಗೆ, ಎಂದರೆ ಜಪಸರಕ್ಕೆ, ಮೊಣಕಾಲೂರಿದಾಗ ಅವರೂ ಪಾಪ ಹಿಂದೆ ಕೈಕಟ್ಟಿ ನಿಂತರು. ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಅತ್ತೆಯ ಹತ್ತಿರ ಹೋಗಿ ಬೆಸಾಂವ್ (ಆಶೀರ್ವಾದ) ಕೇಳುವುದು, ಅತ್ತೆ ಹಣೆಯ ಮೇಲೆ ಶಿಲುಬೆ ಎಳೆಯುವುದು ನಮ್ಮಲ್ಲಿ ದಿನಾ ನಡೆಯುವುದೇ. ಅದನ್ನು ನೋಡಿ ಅವರೆಂದರು: "ಮೇಡಂ, ಇದನ್ನೂ ಪ್ಯಾಕೇಜಲ್ಲಿ ಸೇರಿಸಿ. ಜನ ಇಂಥ ಎಕ್ಸ್‌ಪೀರಿಯನ್ಸ್‌ಗೆ ದುಡ್ಡು ಕೊಡ್ತಾರೆ." ಅತ್ತೆಗೆ ಕನ್ನಡ ಅರ್ಧ ಮಾತ್ರ ತಿಳಿಯುತ್ತದೆ. ಆ ದಿನ ಅದೂ ಒಳ್ಳೆಯದೇ ಆಯಿತು.

ಮರುದಿನ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದೆವು. ಹಿಂದಿನ ದಿನವಿಡೀ ಕಾಯಿ ಹೆಚ್ಚಿ, ಸೊಳೆ ಬಿಡಿಸಿ, ಬೇಯಿಸಿ, ಒರಳಲ್ಲಿ ಮೆಣಸು, ಉಪ್ಪು ಹಾಕಿ ಗುದ್ದಿ, ಉಂಡೆ ಕಟ್ಟಿ ಮಣೆಯಲ್ಲಿ ಒತ್ತಿದ್ದು. ಮೂರು ಚಾಪೆ. ಕೈಗೆ ಹಲಸಿನ ಮೇಣ ಇನ್ನೂ ಅಂಟಿಕೊಂಡೇ ಇತ್ತು. ಅವರ ಮಗನಿಗೆ ಸೆಕೆ. ಟಾಂಕಿಯ ಗೇಟ್‌ವಾಲ್ವ್ ತಿರುಗಿಸಿ, ಪೈಪು ಎಳೆದುಕೊಂಡು ಬಂದು ಅಂಗಳದ ನಡುವೆ ರೈನ್ ಡ್ಯಾನ್ಸ್ ಮಾಡಿದ. ನಾನು ಅಡುಗೆಮನೆಯಿಂದ ಓಡಿ ಬರುವಾಗ ಹಪ್ಪಳಗಳು ಚಾಪೆ ಬಿಟ್ಟು ತುಳಸಿ ಗಿಡದ ಕಡೆಗೆ ತೇಲುತ್ತಿದ್ದವು.

ಹಪ್ಪಳ ಹೋಗಲಿ. ಟಾಂಕಿ ಖಾಲಿ.

ಹುಡುಗನ ಅಪ್ಪ ಸಮಾಧಾನ ಮಾಡಿದ್ದು ಹೀಗೆ: "ಕರಾವಳಿಯಲ್ಲಿ ನೀರಿಗೇನು ಬರ ಮೇಡಂ, ಇಷ್ಟು ಮಳೆ ಬರುತ್ತಲ್ಲ!"

ಬರುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಮುರಕಲ್ಲಿನ ಗುಡ್ಡೆಯಿಂದ ಇಳಿದು ತೋಡು ಸೇರಿ, ಹೊಳೆ ಸೇರಿ, ಸಮುದ್ರಕ್ಕೆ ಹೋಗುತ್ತದೆ. ಏಪ್ರಿಲ್‌ಗೆ ತೋಟಕ್ಕೆ ಉಳಿಯುವುದು ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಕಿರುಬೆರಳು ದಪ್ಪಕ್ಕೆ ಬರುವ ನೀರು. ರಾತ್ರಿಯಿಡೀ ಬಂದರೆ 6,000 ಲೀಟರಿನ ಟಾಂಕಿ ತುಂಬುತ್ತದೆ. ಬೇಸಿಗೆಯಲ್ಲಿ ಡ್ರಿಪ್ ಹಾಕಿದರೂ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ನಮ್ಮದು 800 ಮರ. ಗುಣಿಸಿ ನೋಡಿ. ಆದ್ದರಿಂದ ಅರ್ಧ ತೋಟಕ್ಕೆ ಇವತ್ತು, ಉಳಿದರ್ಧಕ್ಕೆ ನಾಳೆ. ಆ ಹುಡುಗ ಕುಣಿದದ್ದು ಕೆಳಗಿನ ತೋಟದ ಪಾಲಿನ ನೀರಿನಲ್ಲಿ.

ರೂಮಿಗೆ ಎಷ್ಟು, ಎಸಿ ಉಂಟಾ, ರೇಂಜ್ ಸಿಗ್ತದಾ, ಪೋರ್ಕ್ ಮಾಡ್ತೀರಾ, ಇವನ್ನೆಲ್ಲ ಕೇಳುತ್ತಾರೆ. ಬಾವಿಯಲ್ಲಿ ನೀರೆಷ್ಟುಂಟು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಸಿಟ್ಟೇ ಬರುತ್ತಿರಲಿಲ್ಲ. ಕೂರಿಸಿಕೊಂಡು ಒಂದು ಗಂಟೆ ಹೇಳುತ್ತಿದ್ದೆ.

ಕೇಳುತ್ತಿದ್ದವಳು ಮುಂಬಯಿಯ ಮಾವ್ಶಿ (ಅಮ್ಮನ ಒಡಹುಟ್ಟಿದವಳು) ಒಬ್ಬಳೇ. ಕೊಂಕಣ ರೈಲು ಇಲ್ಲದ ಕಾಲದಲ್ಲಿ ರಾತ್ರಿ ಹಗಲು ಬಸ್ಸಿನಲ್ಲಿ ಕೂತು ಬರಬೇಕಿತ್ತು. ಹೊರಡುವ ಮೊದಲು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಕ್ಷೇಮ ಸಮಾಚಾರ ಎರಡು ಸಾಲು, ಮತ್ತೆ: "ಬಾವಿಗೆ ನೀರುಂಟಾ? ಇಲ್ಲದಿದ್ದರೆ ಈಗ ಬೇಡ, ಮೊಂತಿ ಹಬ್ಬಕ್ಕೆ ಬರುತ್ತೇವೆ." ಮೊಂತಿ ಹಬ್ಬ, ಎಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಸೆಪ್ಟೆಂಬರ್ 8ಕ್ಕೆ, ಆಗ ಬಾವಿ ಕೈಗೆಟುಕುವಷ್ಟು ತುಂಬಿರುತ್ತದೆ. ಹುಟ್ಟಿದ ಮನೆಯಲ್ಲಿ ಮದುವೆಯಾಗುವವರೆಗೂ ನೀರು ಸೇದಿದವಳು. ಬಂದರೂ ಅರ್ಧ ಕೊಡಪಾನದಲ್ಲಿ ಮಿಂದು, ಆ ನೀರು ಬಸಳೆ ಬುಡಕ್ಕೆ ಹೋಗುತ್ತದಾ ಎಂದು ಹೊರಗೆ ಬಂದು ನೋಡುತ್ತಿದ್ದಳು.

ಕಳೆದ ಮೇಯಲ್ಲಿ ಬಂದಿದ್ದಳು. ವಯಸ್ಸು 78, ಮಂಡಿನೋವು. ರಿಕ್ಷಾದಿಂದ ಇಳಿದವಳು ಮನೆಗೆ ಹತ್ತದೆ ನೇರ ಬಾವಿಕಟ್ಟೆಗೆ ಹೋಗಿ ಬಗ್ಗಿದಳು. ಒಳಗೋಡೆಯಲ್ಲಿ ನೀರಿನಿಂದ ಮೇಲೆ ಕಾಣುವ ಮುರಕಲ್ಲಿನ ಸಾಲುಗಳನ್ನು ಬೆರಳು ಮಡಿಸಿ ಎಣಿಸಿದಳು.

"ಹತ್ತು ದಿನ ಇರಬೇಕು ಮಾವ್ಶಿ, ಮದುವೆ ಮುಗಿಸಿಯೇ ಹೋಗುವುದು," ಎಂದು ನಾನು ಬ್ಯಾಗು ಎತ್ತಿಕೊಂಡೆ.

"ಇಪ್ಪತ್ತಮೂರು ಸಾಲು ಕಾಣ್ತದಲ್ಲ ಮಗಾ," ಎಂದಳು. "ನಾಲ್ಕು ದಿನ ಸಾಕು."

ಆ ನಾಲ್ಕನ್ನು ಆರು ಮಾಡಲಿಕ್ಕೆ ಎರಡು ದಿನ ಜಗಳವಾಡಿದೆ.