ಅರ್ಧ ಎಕರೆ ಶುಂಠಿಯ ಲೆಕ್ಕ

ಶುಂಠಿಯಿಂದ ಮನೆ ಕಟ್ಟಿಸಿದವರೂ ಅದೇ ಶುಂಠಿಯಿಂದ ಸಾಲಕ್ಕೆ ಬಿದ್ದವರೂ ಸೊರಬ, ಸಾಗರದ ಕಡೆ ಒಂದೇ ಊರಿನಲ್ಲಿ ಸಿಗುತ್ತಾರೆ. ಬೇಸಾಯದಲ್ಲಿ ಇಬ್ಬರಿಗೂ ಅಂಥ ವ್ಯತ್ಯಾಸವಿರುವುದಿಲ್ಲ. ಬೀಜವನ್ನು ಯಾವ ವರ್ಷ, ಯಾವ ದರಕ್ಕೆ ಕೊಂಡರು ಎಂಬುದೇ ಬಹುಮಟ್ಟಿಗೆ ಅವರ ಹಣೆಬರಹವನ್ನು ನಿರ್ಧರಿಸಿರುತ್ತದೆ ಎಂಬುದು ನನ್ನ ನಂಬಿಕೆ.

ಶುಂಠಿಯಲ್ಲಿ ಮಾರುವ ಗಡ್ಡೆಯೇ ಬಿತ್ತುವ ಗಡ್ಡೆ. ಎಕರೆಗೆ ಕಡಿಮೆಯೆಂದರೂ 600ರಿಂದ 700 ಕೆ.ಜಿ., ಅಂದರೆ 60 ಕೆ.ಜಿ. ತೂಕದ ಹತ್ತು-ಹನ್ನೆರಡು ಚೀಲ ಬೀಜ ಬೇಕು. ಚೀಲಕ್ಕೆ 1,500 ರೂಪಾಯಿ ಇದ್ದರೆ ಅರ್ಧ ಎಕರೆಯ ಆರು ಚೀಲಕ್ಕೆ 9,000 ರೂಪಾಯಿ ಸಾಕು. ದರ 6,000ಕ್ಕೆ ಏರಿದರೆ ಅದೇ ಆರು ಚೀಲಕ್ಕೆ 36,000 ರೂಪಾಯಿ ಬೇಕು. ಮಾರುಕಟ್ಟೆ ಏರಿದ ವರ್ಷವೇ ಎಲ್ಲರಿಗೂ ನೆಡುವ ಆಸೆ ಹುಟ್ಟುತ್ತದೆ, ಎಂಟು-ಹತ್ತು ತಿಂಗಳ ನಂತರ ಆ ಆಸೆಯಿಂದ ನೆಟ್ಟವರೆಲ್ಲರ ಫಸಲೂ ಒಟ್ಟಿಗೆ ಶುಂಠಿ ಕಣಕ್ಕೆ ಬರುತ್ತದೆ. 2023ರಲ್ಲಿ ಬೆಲೆ ದಾಖಲೆ ಮಟ್ಟಕ್ಕೆ ಏರಿ, ರೈತರು ರಾತ್ರಿಯಿಡೀ ಹೊಲ ಕಾಯಬೇಕಾಯಿತು. ಅದನ್ನು ನೋಡಿ 2024ರಲ್ಲಿ ದುಬಾರಿ ಬೀಜ ಕೊಂಡವರು 2025ರ ಆರಂಭಕ್ಕೆ ಕುಸಿದ ಬೆಲೆಯಲ್ಲಿ ಮಾರಿದರು.

ಬೆಲೆ ಬಿದ್ದಾಗ ಗಡ್ಡೆಯನ್ನು ಕೀಳದೆ ಮಣ್ಣಿನಲ್ಲೇ ಬಿಟ್ಟು, ಮುಂದಿನ ವರ್ಷ ಹಳೆ ಶುಂಠಿಯಾಗಿ ಮಾರುವ ದಾರಿಯೇನೋ ಇದೆ. ಆದರೆ ನೀರು ನಿಂತ ಜಾಗದಲ್ಲಿ ಕೊಳೆರೋಗ ಹೊಕ್ಕರೆ ಇಡೀ ಪಟ್ಟೆ ಹಳದಿಯಾಗಿ ಮಲಗುತ್ತದೆ, ಕಾಯ್ದವನಿಗೆ ಕೂಲಿಯೂ ಹುಟ್ಟುವುದಿಲ್ಲ. ರೋಗ ಮಣ್ಣಿನಲ್ಲಿ ಉಳಿಯುವುದರಿಂದಲೇ ದೊಡ್ಡ ಬೆಳೆಗಾರರು ವರ್ಷಕ್ಕೊಂದು ಹೊಸ ಜಮೀನನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಇರುವ ಅರ್ಧ ಎಕರೆಯನ್ನೇ ನೆಚ್ಚಿಕೊಂಡವನಿಗೆ ಹಾಗೆ ಸ್ಥಳ ಬದಲಿಸುವ ಅನುಕೂಲವಿಲ್ಲ. ಅವನು ಒಂದು ವರ್ಷ ಶುಂಠಿ ಬೆಳೆದು ಎರಡು ವರ್ಷ ಭತ್ತಕ್ಕೆ ಹೋಗಬೇಕು. ಆದ್ದರಿಂದ ಶುಂಠಿಯ ಲಾಭವನ್ನು ಮೂರು ವರ್ಷಕ್ಕೆ ಹಂಚಿ ಲೆಕ್ಕ ಹಾಕಬೇಕು. ಒಂದೇ ವರ್ಷದ ಕೈಹಣ ನೋಡಿ ಸಾಲ ಮಾಡಿದವರನ್ನು ಕಂಡು ನನಗೆ ನಿಜವಾಗಿಯೂ ನೋವಾಗಿದೆ.

ನಮ್ಮ ಮನೆಯಲ್ಲಿ ಈಗ ಬೀಜ ಕೊಳ್ಳುವುದನ್ನು ನಿಲ್ಲಿಸಿದ್ದೇವೆ. ರೋಗವಿಲ್ಲದ ಪಟ್ಟೆಯನ್ನು ಮೊದಲೇ ಗುರುತಿಟ್ಟು, ಅಲ್ಲಿಯ ಗಡ್ಡೆಯನ್ನು ನೆರಳಿನ ಗುಂಡಿಯಲ್ಲಿ ಮರಳಿನ ಪದರದ ನಡುವೆ ಇಡುತ್ತೇವೆ. ಏಪ್ರಿಲ್‌ನಲ್ಲಿ ಗುಂಡಿ ತೆಗೆದಾಗ ಎಷ್ಟು ಗಟ್ಟಿ ಗಡ್ಡೆ ಸಿಗುತ್ತದೆಯೋ ಅಷ್ಟೇ ಗುಂಟೆಗೆ ನೆಡುತ್ತೇವೆ, ಆ ವರ್ಷ ಮಾರುಕಟ್ಟೆ ಎಷ್ಟೇ ಏರಿರಲಿ.